ಟೊಳ್ಳು ತೊಲೆ

ಸತ್ತವನ ಬಗ್ಗೆ ಓದಲು ಪಾದ್ರಿ ಬರೆದು ತಂದಿದ್ದ ಹಾಳೆಯನ್ನು ಕಿತ್ತುಕೊಂಡು, ಅಪ್ಪನ ಶವಪೆಟ್ಟಿಗೆಯ ಮೇಲಿಟ್ಟು, ಬಡಗಿಯ ಮಗಳು ಒಂದು ಸಾಲನ್ನು ಹೊಡೆದುಹಾಕಿದಳು. ‘ಎದುರು ಪ್ರಶ್ನೆ ಕೇಳದೆ ನಂಬಿದ ಸರಳ ಜೀವಿ’ ಎಂದಿತ್ತು ಅದರಲ್ಲಿ.

“ಕೇಳಿದ್ದಕ್ಕೇ ಅಲ್ವಾ ಫಾದರ್, ಒಂಬತ್ತು ವರ್ಷ ಅಪ್ಪನಿಗೆ ಚರ್ಚಲ್ಲಿ ಪರಮಪ್ರಸಾದ ಕೊಡದೆ ಇದ್ದಿದ್ದು?”

ಸತ್ತವರ ಮುಂದೆ ಹಳೆಯದನ್ನು ಕೆದಕಬಾರದು ಎಂದರು ಪಾದ್ರಿ. ಪಕ್ಕದಲ್ಲಿದ್ದ ಚರ್ಚಿನ ಸಭೆಯ ಹಿರಿಯನೂ ತಲೆ ತಗ್ಗಿಸಿದ. ಬಡಗಿಯ ಹೆಂಡತಿ ಮಗಳನ್ನು ತಡೆಯಲಿಲ್ಲ.

*

ಒಂಬತ್ತು ವರ್ಷದ ಹಿಂದೆ, ಚರ್ಚಿನಲ್ಲಿ ಹಾಡುವ ಮಕ್ಕಳು ನಿಲ್ಲುತ್ತಿದ್ದ ಅಟ್ಟದ ತೊಲೆಗೆ ಬಡಗಿ ಉಳಿ ಚುಚ್ಚಿದಾಗ ಅದು ಹಿಡಿಯವರೆಗೂ ಇಳಿದಿತ್ತು. ಒಳಗೆಲ್ಲ ಗೆದ್ದಲು. ಓಡಿಹೋಗಿ ಹೇಳಿದರೆ, ದೇವರ ಮನೆಯನ್ನು ದೇವರೇ ಹೊರುತ್ತಾನೆ, ನಿನ್ನ ವಿಶ್ವಾಸವೇ ಟೊಳ್ಳು ಎಂದರು ಪಾದ್ರಿ. ಉಳಿ ಹಿಡಿಯುವವನು ಗುರುಗಳಿಗೇ ಬುದ್ಧಿ ಹೇಳುವಷ್ಟು ಬೆಳೆದನೋ ಎಂದು ಹಿರಿಯ ಹಂಗಿಸಿದ.

“ಕೊಲ್ಲಬೇಡ ಅಂತ ಆಜ್ಞೆ ಇದೆ,” ಎಂದ ಬಡಗಿ. “ಗೆದ್ದಲು ತಿಂದ ತೊಲೆ ಮೇಲೆ ಮಕ್ಕಳನ್ನ ನಿಲ್ಲಿಸಬೇಡ ಅಂತ ದೇವರು ಇನ್ನೊಂದು ಬರೆದುಕೊಡಬೇಕಾ? ಅದನ್ನ ತಿಳ್ಕೊಳ್ಳಲಿ ಅಂತಾನೇ ತಲೆ ಕೊಟ್ಟಿರೋದು. ಕೊಟ್ಟಿದ್ದನ್ನ ಬಳಸದೆ ಇರೋದೇ ಪಾಪ, ಫಾದರ್.”

ಭಾನುವಾರ ಬಲಿಪೂಜೆಯ ಪ್ರಾರ್ಥನೆಗೆ ಮುಂಚೆ ಅವನು ಅಟ್ಟ ಹತ್ತುವ ಮರದ ಮೆಟ್ಟಿಲುಗಳನ್ನು ಗರಗಸದಿಂದ ಕೊಯ್ದು ಕೆಳಗಿಳಿಸಿದ. ಮಕ್ಕಳು ನೆಲದ ಮೇಲೆ ನಿಂತೇ ಹಾಡಿದರು. ಅವರಲ್ಲಿ ಹಿರಿಯನ ಮಗಳೂ ಇದ್ದಳು. ದೇವರ ಮನೆಗೇ ಕೈಯಿಟ್ಟನೆಂದು ಸಭೆ ಬಡಗಿಯನ್ನು ಹೊರಗಿಟ್ಟಿತು.

ಅದಾದ ಹನ್ನೊಂದನೆಯ ದಿನ, ಚರ್ಚು ಖಾಲಿ ಇದ್ದಾಗ, ಅಟ್ಟ ಕುಸಿಯಿತು. ಎರಡು ಬೆಂಚು ಪುಡಿಯಾದವು. ಯಾರಿಗೂ ಏಟಾಗದ್ದು ಪವಾಡವೆಂದು ಪಾದ್ರಿ ಸಾರಿದರು. ಬಹಿಷ್ಕಾರ ತೆಗೆದರೆ ತಪ್ಪು ಒಪ್ಪಿಕೊಂಡಂತಾಗುತ್ತದಲ್ಲ, ಅದು ಹಾಗೇ ಉಳಿಯಿತು. ಬಡಗಿ ಮಾತ್ರ ಸಾಯುವ ತನಕ ಭಾನುವಾರ ತಪ್ಪಿಸಲಿಲ್ಲ. ಬಾಗಿಲಾಚೆ ನಿಂತು ಪ್ರಾರ್ಥಿಸಿ ಮನೆಗೆ ಹೋಗುತ್ತಿದ್ದ. ಸತ್ತ ಮೇಲಷ್ಟೇ ಮಣ್ಣು ಕೊಡಲು ಸಭೆ ಒಪ್ಪಿತು.

*

“ಹೊಡೆದುಹಾಕಿದ ಕಡೆ ನಡೆದದ್ದನ್ನ ಬರೆದು ಓದಿ,” ಎಂದಳು ಮಗಳು. “ಇಲ್ಲಾಂದ್ರೆ ಓದಲೇಬೇಡಿ.”

ಪಾದ್ರಿ ಹಾಳೆ ಮಡಚಿ ಜೇಬಿಗಿಟ್ಟರು. ಅವರು ಪ್ರಾರ್ಥನೆ ಶುರುಮಾಡುವ ಮೊದಲೇ ಅವಳು ಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಟ್ಟಳು. ಹಿಂದೆ ಸೋದರಮಾವಂದಿರು ನಿಂತರು. ಅವಳ ಪಕ್ಕದ ಮೂಲೆಗೆ, ಯಾರೂ ಕರೆಯದಿದ್ದರೂ, ಹಿರಿಯ ಬಂದ.

ಅವನು ಎತ್ತರದ ಆಳು. ಪೆಟ್ಟಿಗೆ ಅವಳತ್ತ ವಾಲಿ ಭಾರವೆಲ್ಲ ಅವಳ ಮೇಲೆ ಬಿತ್ತು. ಅವಳು ಹಲ್ಲು ಕಚ್ಚಿ ನಡೆದಳು, ಅವನ ಮುಖ ನೋಡಲಿಲ್ಲ. ಅರವತ್ತು ದಾಟಿದ ಹಿರಿಯ ಮೊಣಕಾಲು ಬಗ್ಗಿಸಿ, ತನ್ನ ಹೆಗಲನ್ನು ಅವಳ ಹೆಗಲ ಮಟ್ಟಕ್ಕೆ ಇಳಿಸಿ, ಗುಂಡಿಯವರೆಗೂ ಹಾಗೇ ನಡೆದ.