ರಾಜಕುಮಾರಿಯ ಚೇಳು

ಏಳು ಕೆರೆ ದಾಟಿದ ಮೇಲೆ ಒಂದು ಊರು. ಆ ಊರಿಗೊಬ್ಬ ರಾಜ, ರಾಜನಿಗೆ ಒಬ್ಬಳೇ ಮಗಳು. ಆ ಮಗಳ ಹೊಟ್ಟೆಯಲ್ಲೊಂದು ಚೇಳು ಮನೆ ಮಾಡಿಕೊಂಡಿತ್ತು. ತಿಂಗಳಲ್ಲಿ ಇಪ್ಪತ್ತು ದಿನ ಮಲಗಿರುತ್ತಿತ್ತು, ಆಮೇಲೆ ಕೊಂಡಿ ಎತ್ತಿ ಏಳುತ್ತಿತ್ತು. ರಾಜಕುಮಾರಿ ತಾಯಿಗೆ ಹೇಳಿದಳು. "ಮೈನೆರೆದವರಿಗೆಲ್ಲ ಇದ್ದದ್ದೇ" ಅಂದಳು ತಾಯಿ. ದಾದಿಗೆ ಹೇಳಿದಳು. "ಮದುವೆಯಾದರೆ ಹೋಗುತ್ತೆ" ಅಂದಳು ದಾದಿ. ಮದುವೆಯೂ ಆಯಿತು. "ಒಂದು ಹೆತ್ತರೆ ಹೋಗುತ್ತೆ" ಅಂದಳು ಅತ್ತೆ. ಕೊನೆಗೆ ರಾಜಕುಮಾರಿ ಒಬ್ಬಳೇ ಕಾಡು ದಾಟಿ, ಕಾಡಿನ ತುದಿಯಲ್ಲಿದ್ದ ಮನೆಯೊಂದರ ಬಾಗಿಲು ತಟ್ಟಿದಳು. ಬಾಗಿಲು ತೆರೆಯಿತು.

ನೀಲಾಂಬಿಕಳ ತವರೂರಾದ ಜಡೆಯಲ್ಲಿ ಅಜ್ಜಿ ಈ ಕಥೆಯನ್ನು ಯಾವಾಗಲೂ ಇಲ್ಲಿಗೇ ನಿಲ್ಲಿಸುತ್ತಿದ್ದಳು. "ಆಮೇಲೆ?" ಎಂದು ಕೇಳಿದರೆ "ಆಮೇಲೆ ಮಲ್ಕೋ" ಎನ್ನುತ್ತಿದ್ದಳು. ಹೋದ ದೀಪಾವಳಿಗೆ ನೀಲಾಂಬಿಕ ತವರಿಗೆ ಹೋದಾಗ ಮಾತ್ರ ಹಾಗೆನ್ನಲಿಲ್ಲ. ಮೊಮ್ಮಗಳು ಹಿತ್ತಲ ಬಾಗಿಲಿಗೆ ಒರಗಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಸುಕ್ಕುಗಟ್ಟಿದ ಕೈಯನ್ನು ಅವಳ ಮುಂದೆ ಚಾಚಿದಳು. "ನನಗೂ ಇತ್ತು ಕಣೇ. ಯಾರ ಹತ್ರನೂ ಬಾಯಿ ಬಿಡ್ಲಿಲ್ಲ, ಅದಕ್ಕೇ ಕಥೆ ಮುಂದಕ್ಕೆ ಹೋಗ್ಲಿಲ್ಲ. ನೀ ಹೇಳು. ಕೇಳಿಸ್ಕಂಬೋರ ಮುಂದೆ, ನಿನ್ನ ಬಾಯಾಗೇ ಹೇಳು. ಭಾಷೆ ಕೊಡು." ನೀಲಾಂಬಿಕ ಕೈ ಮೇಲೆ ಕೈಯಿಟ್ಟಿದ್ದಳು.

ಅದಾಗಿ ಮೂರು ತಿಂಗಳು. ಈಗ ಅವಳು ಗಂಡನ ಊರು ಶಿಕಾರಿಪುರದಲ್ಲಿ, ಪಕ್ಕದ ಮನೆಯ ಹಿತ್ತಿಲ ಕೋಣೆಯೊಳಗೆ, ಈಚಲು ಚಾಪೆಯ ಮೇಲೆ, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಬಿದ್ದಿದ್ದಳು. ಬೇಲಿಯಾಚೆಯಿಂದ ಅತ್ತೆ ಹಾಲಮ್ಮ ಕೂಗುವುದು ಕೇಳುತ್ತಿತ್ತು.

"ನೀಲಾ! ಏ ನೀಲಾ! ಎಲ್ಲಿ ಹಾಳಾಗಿ ಹೋದೆ?"

"ಉಸಿರು ಬಿಡಬೇಡ" ಎಂದು ಪಿಸುಗುಟ್ಟಿದಳು ವಾಗ್ದೇವಿ. ಅವಳು ಶಾಲೆ ಮೇಷ್ಟ್ರು ಸುಬ್ಬಯ್ಯನವರ ಹೆಂಡತಿ. ಬ್ರಾಹ್ಮಣರ ಮನೆಯವಳಾದ್ದರಿಂದ ತಿಂಗಳಿಗೆ ಮೂರು ದಿನ ಈ ಕೋಣೆಯಲ್ಲಿ ಬೇರೆ ಕೂರಬೇಕು. ಆ ಮೂರು ದಿನ ಅವಳನ್ನು ಯಾರೂ ಮುಟ್ಟುವುದಿಲ್ಲ, ಬಾಗಿಲ ಹತ್ತಿರಕ್ಕೂ ಬರುವುದಿಲ್ಲ, ಊಟದ ಎಲೆಯನ್ನು ದೂರದಲ್ಲಿಟ್ಟು ಹೋಗುತ್ತಾರೆ. "ಇದು ನನ್ನ ಸಾಮ್ರಾಜ್ಯ ಮಾರಾಯ್ತಿ. ಇಲ್ಲಿಗೆ ಯಮನೂ ಮಡಿ ಕೆಡತ್ತೆ ಅಂತ ಬರೋದಿಲ್ಲ" ಎಂದು ನಗುತ್ತಿದ್ದಳು. ಇಬ್ಬರ ದಿನವೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತಿತ್ತು. ಕಳೆದ ನಾಲ್ಕು ತಿಂಗಳಿಂದ ನೀಲಾಂಬಿಕ ಬೇಲಿಯ ಸಂದಿಯಿಂದ ನುಸುಳಿ ಬಂದು ಇಲ್ಲಿ ಒಂದೊಂದು ಗಳಿಗೆ ಮಲಗಿ ಹೋಗುತ್ತಿದ್ದಳು. ಊರಲ್ಲಿ ಹೆಂಗಸೊಬ್ಬಳು ಯಾರ ಕಣ್ಣಿಗೂ ಬೀಳದೆ ನರಳಬಹುದಾದ ಜಾಗ ಅವಳಿಗೆ ಬೇರೆ ಸಿಕ್ಕಿರಲಿಲ್ಲ.

ಯಾಕೆಂದರೆ ನೀಲಾಂಬಿಕಳ ಮನೆಯಲ್ಲಿ ಹೊರಗೆ ಕೂರುವುದೆಂಬುದೇ ಇಲ್ಲ. ಲಿಂಗ ಕಟ್ಟಿದ ಮೈಗೆ ಮುಟ್ಟಿನ ಮೈಲಿಗೆಯಿಲ್ಲ. ಪೂಜೆಯೂ ಮಾಡಬಹುದು, ಅಡಿಗೆಯೂ ಮಾಡಬಹುದು. ಹಾಲಮ್ಮನಿಗೆ ಅದು ದೊಡ್ಡ ಹೆಮ್ಮೆ. ಮಗ ಶಾಂತವೀರಪ್ಪನನ್ನು ಹೆತ್ತ ದಿನವೇ ಹಾಸಿಗೆಯಲ್ಲಿ ಎದ್ದು ಕೂತು ಲಿಂಗಪೂಜೆ ಮಾಡಿದವಳು ತಾನು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಮನೆಯಲ್ಲಿ ಆ ದಿನಗಳಲ್ಲಿ ಸೊಸೆ ಮಲಗಿದರೆ ಅದಕ್ಕೆ ಒಂದೇ ಅರ್ಥ: ಲಿಂಗ ಕಟ್ಟಿಯೂ ಮೈಲಿಗೆ ಆಚರಿಸುತ್ತಿದ್ದಾಳೆ.

ಈ ದಿನವಂತೂ ಮಲಗುವ ಹಾಗೇ ಇರಲಿಲ್ಲ. ಮರುದಿನ ಮಠದ ಅಯ್ಯನವರ ಪಾದಪೂಜೆ, ಮೂವತ್ತು ಜನಕ್ಕೆ ಹೋಳಿಗೆ. ಬೆಳಿಗ್ಗೆಯಿಂದ ಹೂರಣ ರುಬ್ಬುತ್ತಿದ್ದ ನೀಲಾಂಬಿಕಳಿಗೆ ಗುಂಡು ಒಂದು ಸುತ್ತು ತಿರುಗಿದಾಗಲೆಲ್ಲ ಹೊಟ್ಟೆಯೊಳಗೂ ಏನೋ ತಿರುಗಿದಂತಾಗುತ್ತಿತ್ತು. ಎರಡು ಸಲ ಬಚ್ಚಲಿಗೆ ಹೋಗಿ ವಾಂತಿ ಮಾಡಿ ಬಂದಳು. ಮೂರನೆಯ ಸಲ ಬಚ್ಚಲಿಗೆ ಹೋಗದೆ, ಚೊಂಬು ಹಿಡಿದು ಬೇಲಿಯ ಕಡೆಗೆ ಓಡಿದ್ದಳು.

"ಇವತ್ತು ಗುರುವಾರ, ಗೊತ್ತಲ್ಲ?" ವಾಗ್ದೇವಿ ಮತ್ತೆ ಪಿಸುಗುಟ್ಟಿದಳು. "ತಿಂಗಳ ಮೊದಲ ಗುರುವಾರ. ಲೇಡಿ ಡಾಕ್ಟರು ಬಂದಿದ್ದಾರೆ. ಒಂದು ಗಂಟೆ ಬಸ್ಸಿಗೆ ಹೊರಟುಬಿಡ್ತಾರೆ."

ನೀಲಾಂಬಿಕಳಿಗೆ ಗೊತ್ತಿತ್ತು. ಡಾಕ್ಟರ್ ವೇದಾ ಶಿವಮೊಗ್ಗದಿಂದ ತಿಂಗಳಿಗೊಮ್ಮೆ ಊರಿನ ಹೆರಿಗೆ ಆಸ್ಪತ್ರೆಗೆ ಬರುತ್ತಿದ್ದರು. ದೀಪಾವಳಿ ಕಳೆದ ಮೇಲೆ ಒಮ್ಮೆ ಹಾಲಮ್ಮನೇ ಕರೆದುಕೊಂಡು ಹೋಗಿದ್ದಳು. "ಮದಿವಿ ಆಗಿ ಮೂರು ವರ್ಷ ಆತು ಡಾಕ್ಟ್ರೇ, ಇನ್ನೂ ಒಡಲು ತುಂಬಿಲ್ಲ." ಹೊಟ್ಟೆ ನೋಯುತ್ತದೆಯೇ ಎಂದು ಡಾಕ್ಟರು ಕೇಳಿದಾಗಲೂ ಹಾಲಮ್ಮನೇ ಉತ್ತರ ಕೊಟ್ಟಿದ್ದಳು: "ಎಲ್ರಿಗೂ ನೋಯಂಗೆ ನೋಯ್ತೈತೆ." ಹೊರಗೆ ಬಸುರಿಯರ ಸಾಲೇ ನಿಂತಿತ್ತು. ನೀಲಾಂಬಿಕ ಟಾನಿಕ್ಕಿನ ಬಾಟಲಿ ಹಿಡಿದುಕೊಂಡು ಅತ್ತೆಯ ಹಿಂದೆ ಮನೆಗೆ ಬಂದಿದ್ದಳು. ಬಾಗಿಲು ತೆರೆದಿತ್ತು, ಅವಳ ಮಾತು ಮಾತ್ರ ಒಳಗೆ ಹೋಗಿರಲಿಲ್ಲ.

ಬೇಲಿಯ ಮುಳ್ಳು ಸರಕ್ಕೆಂದಿತು. ಹೆಜ್ಜೆ ಹತ್ತಿರ ಬಂದು ನಿಂತಿತು.

"ಇದು ನಮ್ಮನೆ ಚೊಂಬಲ್ಲೇನು?"

ಇಬ್ಬರೂ ಹೊಸ್ತಿಲನ್ನು ನೋಡಿದರು. ತಾಮ್ರದ ಚೊಂಬು ಬಿಸಿಲಿಗೆ ಹೊಳೆಯುತ್ತ ಕೂತಿತ್ತು. ಮರುಗಳಿಗೆ ಬಾಗಿಲ ಬೆಳಕಿಗೆ ಅಡ್ಡವಾಗಿ ಹಾಲಮ್ಮ ನಿಂತಿದ್ದಳು. ಚಾಪೆಯ ಮೇಲಿದ್ದ ಸೊಸೆಯನ್ನು ನೋಡಿದಳು, ವಾಗ್ದೇವಿಯನ್ನು ನೋಡಿದಳು, ಮೂಲೆಯಲ್ಲಿ ಬೇರೆ ಇಟ್ಟಿದ್ದ ತಟ್ಟೆ ಲೋಟಗಳನ್ನು ನೋಡಿದಳು. ಅವಳ ದನಿ ಏರಲಿಲ್ಲ. ಅದೇ ಹೆದರಿಕೆ ಹುಟ್ಟಿಸುವಂತಿತ್ತು.

"ಕೊರಳಾಗೆ ಲಿಂಗ ಕಟ್ಕಂಡು ಹೊರಗೆ ಕುಂತೀಯೇನೇ? ನಾಳೆ ಅಯ್ಯನೋರು ಬರಾ ಮನೆಯಾಗೆ?"

"ಹಾಲಮ್ಮನೋರೇ, ಅವಳಿಗೆ ಹುಷಾರಿಲ್ಲ..." ಎಂದಳು ವಾಗ್ದೇವಿ.

"ನೀವು ಸುಮ್ನಿರ್ರಿ ಮೇಷ್ಟ್ರಮ್ಮ. ನಿಮ್ಮದು ನಿಮಗೆ, ನಮ್ಮದು ನಮಗೆ. ನಮ್ಮ ಹುಡುಗಿಗೆ ಈ ಬುದ್ಧಿ ಕಲಿಸ್ಬ್ಯಾಡ್ರಿ." ಮತ್ತೆ ಸೊಸೆಯ ಕಡೆ ತಿರುಗಿದಳು. "ಒರಳಾಗೆ ಹೂರಣಕ್ಕೆ ನೊಣ ಮುತ್ತೈತೆ. ಏಳು. ನಾಳೆ ಪೂಜೆ ಮುಗಿದ ಮ್ಯಾಲೆ ಜಡೆ ಬಸ್ಸು ಹತ್ತು. ಮೈಲಿಗೆ ಮಾಡೋಳು ನನ್ನ ಮನೆಯಾಗೆ ಬ್ಯಾಡ."

ನೀಲಾಂಬಿಕ ಗೋಡೆ ಹಿಡಿದು ಎದ್ದಳು. ಕಣ್ಣು ಕತ್ತಲೆ ಬಂತು. ಒರಳಿನ ಹತ್ತಿರಕ್ಕೆ ಹೋಗಿ ಕೂತುಬಿಟ್ಟರೆ ಈ ದಿನ ಕಳೆಯುತ್ತದೆ. ಇಂಥ ದಿನಗಳನ್ನು ಅವಳು ಎಂಟು ವರ್ಷದಿಂದ ಕಳೆದಿದ್ದಾಳೆ. ಆದರೆ ಜಡೆಯಲ್ಲಿ ಬಸ್ಸಿಳಿದಾಗ ಅಜ್ಜಿ ಕೈ ಚಾಚಿ, ಕೊಟ್ಟ ಭಾಷೆ ಏನಾಯಿತೆಂದು ಕೇಳುತ್ತಾಳೆ.

"ಮೈಲಿಗೆ ಅಂತ ಕುಂತಿಲ್ಲ ಅತ್ತೆಮ್ಮ" ಎಂದಳು. ದನಿ ತನ್ನದಲ್ಲವೆನ್ನಿಸಿತು. "ನೋವಿಗೆ ಕುಂತೀನಿ."

"ನೋವು ಯಾರಿಗಿಲ್ಲ?"

"ಈ ನೋವು ಎಲ್ರಿಗೂ ಇಲ್ಲ. ನಾನು ಡಾಕ್ಟ್ರ ಹತ್ರ ಹೋಗ್ತೀನಿ."

"ಹೋಗಿ? ಏನಂತ ಹೇಳ್ತೀಯ? ನಾಕು ಜನದ ಮುಂದೆ ಮುಟ್ಟಿನ ಮಾತು ಆಡ್ತೀಯೇನು? ನಾಚಿಕೆ ಆಗಲ್ಲ?"

ನೀಲಾಂಬಿಕ ಎದೆಯ ಮೇಲಿದ್ದ, ಲಿಂಗವಿರುವ ಬೆಳ್ಳಿಯ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ನೀವೇ ಹೇಳ್ತೀರಲ್ರೀ, ನಮಗೆ ಅದು ಮೈಲಿಗೆ ಅಲ್ಲ ಅಂತ. ಮೈಲಿಗೆ ಅಲ್ಲ ಅಂದಮ್ಯಾಲೆ ನಾಚಿಕೆ ಎಲ್ಲಿಂದ ಬಂತು ಅತ್ತೆಮ್ಮ? ದೇವರ ಮುಂದೆ ಕೂರಬೌದು, ಡಾಕ್ಟ್ರ ಮುಂದೆ ಹೇಳಬಾರ್ದಾ?"

ಹಾಲಮ್ಮ ಚೊಂಬನ್ನು ಬಗ್ಗಿ ಎತ್ತಿಕೊಂಡು, ಒಳಗಿದ್ದ ನೀರನ್ನು ನುಗ್ಗೆಯ ಬುಡಕ್ಕೆ ಚೆಲ್ಲಿದಳು.

"ನಡಿ" ಎಂದಳು. "ನಾನೇ ಬರ್ತೀನಿ. ರೋಗ ಅಂತ ಡಾಕ್ಟ್ರ ಬಾಯಾಗೆ ಬಂದ್ರೆ ಸರಿ. ಇಲ್ಲ ಅಂದ್ರೆ ಜಡೆ ಬಸ್ಸು. ಆಮ್ಯಾಲೆ ನನ್ನ ಮಗ ಕರಿಯಾಕ್ ಬರ್ತಾನೆ ಅಂತ ದಾರಿ ಕಾಯ್ಬ್ಯಾಡ."

ಪೇಟೆಯ ಬೀದಿಯಲ್ಲಿ ಹೋದರೆ ಹತ್ತಿರ. ಆದರೆ ಪೇಟೆಯಲ್ಲಿ ಮಾವ ಸದಾಶಿವಪ್ಪನ ಬಟ್ಟೆ ಅಂಗಡಿಯಿತ್ತು, ಗಲ್ಲಾಪೆಟ್ಟಿಗೆಯ ಹತ್ತಿರ ಗಂಡ ಶಾಂತವೀರಪ್ಪ ಕೂತಿರುತ್ತಿದ್ದ. ಹಾಲಮ್ಮ ಕೆರೆ ಏರಿಯ ದಾರಿ ಹಿಡಿದಳು. ಮುಂದೆ ಮುಂದೆ ನಡೆದಳು, ಹಿಂದಿರುಗಿ ನೋಡಲಿಲ್ಲ. ನೀಲಾಂಬಿಕ ಒಂದೊಂದೇ ಮರವನ್ನು ಗುರಿಯಿಟ್ಟುಕೊಂಡು ನಡೆದಳು: ಆ ಹೊಂಗೆಮರದ ತನಕ. ಅಲ್ಲಿಂದ ಈ ಬೇವಿನಮರದ ತನಕ. ಬೇವಿನಮರದ ಹತ್ತಿರ ಚೇಳು ಕೊಂಡಿ ಬೀಸಿತು. ಅವಳು ಬುಡದಲ್ಲೇ ಕುಸಿದು ಕೂತಳು. ಹಣೆಯನ್ನು ತೊಗಟೆಗೆ ಒತ್ತಿದಳು. ದೂರದಲ್ಲಿ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಅದನ್ನೇ ಎಣಿಸಿದಳು. ಹನ್ನೊಂದು. ಹನ್ನೆರಡು. ಕಣ್ಣು ಬಿಟ್ಟಾಗ ಅತ್ತೆಯ ಪಾದ ಎದುರಿಗಿತ್ತು. ಅವಳು ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ.

"ಬಸ್ಸು ಹೋಗ್ತೈತೆ" ಎಂದಳು ಹಾಲಮ್ಮ. ಈ ಸಲ ಪಕ್ಕದಲ್ಲೇ ನಡೆದಳು.

ಆಸ್ಪತ್ರೆಯ ಸಾಲು ಕರಗಿತ್ತು. ಡಾಕ್ಟರ್ ವೇದಾ ಸ್ಟೆತೊಸ್ಕೋಪನ್ನು ಚೀಲಕ್ಕೆ ಹಾಕುತ್ತಿದ್ದರು. ನಲವತ್ತರ ಹೆಂಗಸು, ದಪ್ಪ ಕನ್ನಡಕ. ಇವರನ್ನು ಕಂಡು ಗಡಿಯಾರ ನೋಡಿದರು. ಕಾಲು ಗಂಟೆ ಉಳಿದಿತ್ತು.

"ಏನಮ್ಮ? ಬೇಗ ಹೇಳಿ."

"ನಮ್ಮ ಸೊಸೆ ಡಾಕ್ಟ್ರೇ. ಆವತ್ತೇ ಬಂದಿದ್ವಿ. ಮೂರು ವರ್ಷ..."

"ಅತ್ತೆಮ್ಮ" ಎಂದಳು ನೀಲಾಂಬಿಕ. "ನಾನು ಹೇಳ್ತೀನಿ."

ಡಾಕ್ಟರು ಅವಳ ಕಡೆ ತಿರುಗಿದರು. ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಅತ್ತೆ ಸೊಸೆ ಇಬ್ಬರೂ ಕೂತರು. ನೀಲಾಂಬಿಕಳಿಗೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಅವಳಿಗೆ ಶುರು ಮಾಡಲು ಗೊತ್ತಿದ್ದದ್ದು ಒಂದೇ ರೀತಿ.

"ಒಬ್ಬ ರಾಜ ಇದ್ದ ಅಂತೆ ರೀ" ಎಂದಳು. "ಅವನ ಮಗಳ ಹೊಟ್ಟೆಯಾಗೆ ಚೇಳು ಇತ್ತಂತೆ."

"ಅಯ್ಯೋ ಶಿವನೇ! ಬಸ್ಸಿನ ಹೊತ್ತಿನಾಗೆ ಕಥೆ ಹೇಳಾಕ್ ಹತ್ತಿದಳು ನೋಡ್ರಿ!" ಹಾಲಮ್ಮ ಹಣೆ ಚಚ್ಚಿಕೊಂಡಳು.

ಡಾಕ್ಟರು ಚೀಲದ ಬಕಲ್ ಹಾಕುತ್ತಿದ್ದ ಕೈ ನಿಲ್ಲಿಸಿದರು. "ಹೇಳಲಿ ಬಿಡಿ. ಆ ಚೇಳು ಯಾವಾಗ ಕಚ್ಚುತ್ತಿತ್ತಮ್ಮ?"

"ಮುಟ್ಟಿಗೆ ಮೂರು ದಿನ ಮುಂಚೆ ಏಳ್ತಿತ್ತು ರೀ. ಸೊಂಟದಾಗೆ ಶುರು. ಅಲ್ಲಿಂದ ತೊಡೆಗೆ ಇಳೀತಿತ್ತು. ಏನು ತಿಂದ್ರೂ ಅವಳಿಗೆ ವಾಂತಿ. ಎರಡಕ್ಕೆ ಕೂತ್ರೆ ಚಾಕು ಹಾಕಿದಂಗೆ ಆಗ್ತಿತ್ತು. ಮುಟ್ಟು ನಿಂತ ಮ್ಯಾಲೂ ನಾಕು ದಿನ ಇರ್ತಿತ್ತು. ಮೊದ್ಲು ಹಂಗಿರ್ಲಿಲ್ಲ, ಮೊದ್ಲು ಒಂದೇ ದಿನ. ನನಗೆ ಹದಿನಾಲ್ಕು ಆಗ." ಅವಳು ತಡೆದಳು. ಅಷ್ಟರಲ್ಲಿ ರಾಜಕುಮಾರಿ ಎಲ್ಲೋ ದಾರಿಯಲ್ಲೇ ಉಳಿದುಬಿಟ್ಟಿದ್ದಳು. "ವರ್ಷ ವರ್ಷಕ್ಕೂ ಜಾಸ್ತಿ ಆತು. ಈಗ ತಿಂಗಳಾಗೆ ಹತ್ತು ದಿನ. ನಾನು ಹೂರಣ ರುಬ್ಬೋವಾಗ ಗುಂಡು ಹಿಡ್ಕಂಡು ಹಲ್ಲು ಕಚ್ಚಿ ಕುಂತಿರ್ತೀನಿ, ಸದ್ದು ಬರಬಾರ್ದು ಅಂತ."

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಪೆನ್ನಿನ ಮುಚ್ಚಳ ತೆಗೆದರು. "ಗಂಡನ ಜೊತೆ ಇರುವಾಗ?"

ನೀಲಾಂಬಿಕ ಅತ್ತೆಯ ಕಡೆ ನೋಡಲಿಲ್ಲ. ಬೆರಳ ಸಂದಿಯಲ್ಲಿ ಒಣಗಿದ್ದ ಹೂರಣವನ್ನು ಉಗುರಿನಿಂದ ಕೆರೆಯುತ್ತ ಹೇಳಿದಳು. "ಆಗಲೂ ನೋವು ರೀ. ಒಳಗೆ, ಆಳದಾಗೆ. ಅವರು ಒಳ್ಳೇರು, ಕೇಳ್ತಾರೆ. ನಾನೇ ಇಲ್ಲ ಅಂತೀನಿ. ಮಕ್ಕಳಾಗ್ಲಿ ಅಂತ ತಡ್ಕಂತೀನಿ."

ಹಾಲಮ್ಮನ ಬಳೆ ಒಮ್ಮೆ ಸದ್ದು ಮಾಡಿತು.

ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರನ್ ಕೇಳಿಸಿತು. ಒಂದು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಡಾಕ್ಟರು ತಲೆಯೆತ್ತಲಿಲ್ಲ. ಕೇಳಿದರು, ಬರೆದುಕೊಂಡರು, ಹಾಳೆ ಮಗುಚಿದರು. ತವರಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ? ಅಜ್ಜಿಗಿತ್ತು. ಜ್ವರ ಬರುತ್ತದೆಯೇ? ಒಮ್ಮೊಮ್ಮೆ. ಪ್ರಜ್ಞೆ ತಪ್ಪಿದ್ದುಂಟೇ? ಎರಡು ಸಲ, ಬಚ್ಚಲಲ್ಲಿ, ಯಾರಿಗೂ ಗೊತ್ತಿಲ್ಲ. ಕಿಟಕಿಯಾಚೆ ಕೆಂಧೂಳೆಬ್ಬಿಸಿಕೊಂಡು ಶಿವಮೊಗ್ಗದ ಬಸ್ಸು ಹೋಯಿತು.

"ರೋಗನೇ ಏನ್ರೀ ಇದು?" ಹಾಲಮ್ಮನ ದನಿ ಒರಟಾಗಿತ್ತು.

"ರೋಗವೇ ಅಮ್ಮ. ಸೋಮಾರಿತನ ಅಲ್ಲ, ಮೈಲಿಗೆಯೂ ಅಲ್ಲ. ಗರ್ಭಕೋಶದ ಒಳಗಿರಬೇಕಾದ ಪೊರೆ ಹೊರಗೂ ಅಂಟಿಕೊಂಡು ಬೆಳೆಯುತ್ತೆ, ಅಲ್ಲೂ ತಿಂಗಳು ತಿಂಗಳು ರಕ್ತ ಒಸರುತ್ತೆ. ಎಂಡೊಮೆಟ್ರಿಯೋಸಿಸ್ ಅಂತಾರೆ. ಅದೇ ಅಂತ ನನಗೆ ಅನುಮಾನ. ಶಿವಮೊಗ್ಗಕ್ಕೆ ಕರಕೊಂಡು ಬನ್ನಿ, ಪರೀಕ್ಷೆ ಮಾಡಿಯೇ ಹೇಳಬೇಕು. ಪೂರ್ತಿ ವಾಸಿಯಾಗುತ್ತೆ ಅಂತ ಮಾತು ಕೊಡಲಾರೆ. ನೋವು ಕಡಿಮೆ ಮಾಡಬಹುದು." ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಆವತ್ತೇ ಇವಳ ಬಾಯಿಂದ ಕೇಳಬೇಕಿತ್ತು ನಾನು."

"ಹೆಸರೂ ಐತಾ ಅದಕ್ಕೆ" ಎಂದಳು ಹಾಲಮ್ಮ, ಯಾರಿಗೋ ಎಂಬಂತೆ.

"ಇನ್ನೇನಾದರೂ ಇದೆಯೇನಮ್ಮ ಹೇಳೋದು?"

ನೀಲಾಂಬಿಕ ಯೋಚಿಸಿದಳು. ಎಂಟು ವರ್ಷವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಡಕಿ ನೋಡಿದಳು. ಏನೂ ಉಳಿದಿರಲಿಲ್ಲ.

"ಇಲ್ಲ ರೀ. ಇಷ್ಟೇ. ಎಲ್ಲಾ ಹೇಳಿದೆ."

ಡಾಕ್ಟರು ಎದ್ದು ಔಷಧಿಯ ಕಪಾಟಿನ ಬೀಗ ತೆಗೆಯತೊಡಗಿದರು. ಹಾಲಮ್ಮ ಕೂತಲ್ಲಿಂದ ಮೆಲ್ಲಗೆ ಸರಿದಳು. ಸರಿದು ಸರಿದು ಬೆಂಚಿನ ಕಟ್ಟಕಡೆಯ ತುದಿಗೆ ಹೋಗಿ, ಅರ್ಧ ಹೊರಗೆ ಅರ್ಧ ಒಳಗೆ, ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಡುವೆ ಉಳಿದ ಬೆಂಚು ಒಬ್ಬಳು ಕಾಲು ಮಡಚಿ ಮಲಗುವಷ್ಟು ಉದ್ದವಾಗಿತ್ತು.