ಪಿಟೀಲಿನ ಪಟ್ಟಿ

ಪಟ್ಟಿಯಲ್ಲಿ ಒಂದು ಹಾಡೂ ಇರಲಿಲ್ಲ.

ಹಾಡುಗಾರ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡ. ಕಂಪ್ಯೂಟರಿಗೆ ಬರೆದುಕೊಟ್ಟ ನಿಯಮ ಸರಿಯಾಗಿಯೇ ಇತ್ತು: ಪಕ್ಕವಾದ್ಯದ ಜಾಗದಲ್ಲಿ ತಮ್ಮನ ಹೆಸರಿದ್ದರೆ ಆ ಹಾಡನ್ನು ಪಟ್ಟಿಗೆ ಸೇರಿಸು. ಹೆಸರಿನ ಅಕ್ಷರವೂ ತಪ್ಪಿರಲಿಲ್ಲ. ಆದರೂ ಪರದೆಯ ಮೇಲೆ ಸೊನ್ನೆ ತಣ್ಣಗೆ ಕೂತಿತ್ತು.

ಹೊರಗಿನ ಕೋಣೆಯಲ್ಲಿ ತಮ್ಮನ ಹೆಂಡತಿ ಚಹಾ ಕುಡಿಯುತ್ತ ಕಾಯುತ್ತಿದ್ದಳು. ತಮ್ಮ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅವಳು ಕೇಳಿದ್ದು ದೊಡ್ಡದೇನಲ್ಲ. "ಅವರು ನುಡಿಸಿದ್ದು ಮಾತ್ರ ಒಂದು ಕಡೆ ಸೇರಿಸಿ ಕೊಡಿ ಭಾವ. ಫೋನಿನ ಸಣ್ಣ ಅಕ್ಷರ ನನಗೆ ಕಾಣಲ್ಲ. ಒಂದು ಸಲ ಒತ್ತಿದ್ರೆ ಅವರೇ ಬರಬೇಕು. ಬೇಜಾರು ಮಾಡ್ಕೋಬೇಡಿ, ನಿಮ್ಮ ಹಾಡು ಜೊತೇಲಿ ಬಂದ್ರೆ ಅಡ್ಡಿಯಿಲ್ಲ" ಎಂದು ನಕ್ಕಿದ್ದಳು.

"ಅಷ್ಟೇ ತಾನೆ, ಚಿಟಿಕೆ ಹೊಡೆಯೋದ್ರೊಳಗೆ ಆಗುತ್ತೆ" ಎಂದು ಅವನು ಎದ್ದು ಒಳಗೆ ಬಂದಿದ್ದ.

ಆ ಜಂಬಕ್ಕೆ ಕಾರಣವಿತ್ತು. ನಲವತ್ತು ವರ್ಷದ ಕ್ಯಾಸೆಟ್ಟುಗಳನ್ನೆಲ್ಲ ಮಗಳು ಪುಸ್ತಕದ ಕಪಾಟಿನಲ್ಲಿಟ್ಟ ಅಂಗೈಯಗಲದ ಸರ್ವರ್ ಎಂಬ ಪೆಟ್ಟಿಗೆಗೆ ತುಂಬಿಸಿ, ನಿಯಮ ಬರೆಯುವುದನ್ನೂ ಹೇಳಿಕೊಟ್ಟಿದ್ದಳು. ಐದು ನಿಮಿಷಕ್ಕಿಂತ ಚಿಕ್ಕದು, ಈ ತಿಂಗಳು ಕೇಳದೇ ಇದ್ದದ್ದು ಎಂದು ಎರಡು ಸಾಲು ಬರೆದರೆ ಸಾಕು, ಹಾಡುಗಳು ಹಟ್ಟಿಗೆ ಮರಳುವ ದನಗಳ ಹಾಗೆ ತಾವಾಗಿಯೇ ಬಂದು ಸೇರುತ್ತಿದ್ದವು. ಬೆಳಗಿನ ಪ್ರಾರ್ಥನೆಗೆ, ನಡಿಗೆಗೆ, ನಿದ್ದೆ ಬಾರದ ಮಧ್ಯಾಹ್ನಕ್ಕೆ ಅವನು ಬೇರೆ ಬೇರೆ ಪಟ್ಟಿ ಮಾಡಿಕೊಂಡಿದ್ದ. ಎಲ್ಲದರಲ್ಲೂ ಹಾಡುತ್ತಿದ್ದವನು ಅವನೇ.

ಅವನು ಮಗಳಿಗೆ ಫೋನು ಹಚ್ಚಿದ.

"ಕೆಟ್ಟಿಲ್ಲ ಅಪ್ಪ. ಅದಕ್ಕೆ ಕಣ್ಣಿದೆ, ಕಿವಿ ಇಲ್ಲ. ಬರೆದದ್ದನ್ನಷ್ಟೇ ಓದುತ್ತೆ. ಕ್ಯಾಸೆಟ್ ಡಬ್ಬಿಗಳ ಮೇಲೆ ನೀನು ಏನು ಬರೆದಿದ್ಯೋ ಅದನ್ನೇ ನಾನು ತುಂಬಿಸಿದ್ದು."

"ಚಿಕ್ಕಪ್ಪನ ಹೆಸರು ಒಂದರ ಮೇಲೂ ಇರ್ಲಿಲ್ವಾ?"

"ನಾನೂ ಆಗ ಹುಡುಕಿದೆ ಅಪ್ಪ."

ಹಾಡುಗಾರ ಫೋನು ಕೆಳಗಿಟ್ಟ. ಒಂದೇ ಒಂದು ಸಲ ತಮ್ಮ ಕೇಳಿದ್ದ. ಹಾಡುಗಾರ ಡಬ್ಬಿಯ ಚೀಟಿಗೆ ಶಾಯಿಯಲ್ಲಿ ಹಾಡು, ತಾರೀಕು, ತನ್ನ ಹೆಸರು ಬರೆಯುತ್ತಿದ್ದಾಗ ಹಿಂದಿನಿಂದ ಬಗ್ಗಿ, "ಅಣ್ಣ, ಮೂಲೇಲಿ ಎಲ್ಲಾದ್ರೂ ನನ್ನನ್ನೂ ಕೂರಿಸು" ಎಂದಿದ್ದ. "ಜಾಗ ಎಲ್ಲಿದೆಯೋ? ಪಿಟೀಲು ಕೇಳಿದ್ರೆ ನೀನೇ ಅಂತ ಎಂಥವರಿಗೂ ಗೊತ್ತಾಗುತ್ತೆ" ಎಂದು ಇವನು ನಕ್ಕಿದ್ದ. ತಮ್ಮನೂ ನಕ್ಕಿದ್ದ. ಮತ್ತೆ ಕೇಳಲಿಲ್ಲ.

ಇಸವಿಯಿಂದ ಬೇರ್ಪಡಿಸೋಣವೆಂದರೆ, ಕೊನೆಯ ಏಳೆಂಟು ವರ್ಷ ಒಮ್ಮೆ ಪಿಟೀಲಿಗೆ ತಮ್ಮ ಕೂತಿದ್ದ, ಒಮ್ಮೆ ಬೇರೆ ಯಾರೋ. ಯಾವುದು ಯಾರದೆಂದು ಅವನಿಗೆ ನೆನಪಿರಲಿಲ್ಲ. ಹೊರಗೆ ಲೋಟ ಕೆಳಗಿಟ್ಟ ಸದ್ದಾಯಿತು.

ಅವನು ನಾನೂರ ಹನ್ನೆರಡು ಹಾಡುಗಳನ್ನೂ ಒಟ್ಟಿಗೆ ಆರಿಸಿ, ಪಕ್ಕವಾದ್ಯದ ಜಾಗದಲ್ಲಿ ತಮ್ಮನ ಹೆಸರು ಹಾಕಿ, ಗುಂಡಿ ಒತ್ತಿದ. ಎತ್ತು ಈಯಿತು ಅಂದರೆ ಕರು ಕಟ್ಟು ಅನ್ನುವ ಜಾತಿಯ ಯಂತ್ರ ಅದು; ಒಂದು ಮಾತೂ ಆಡದೆ ಎಲ್ಲವನ್ನೂ ಒಪ್ಪಿಕೊಂಡಿತು.

"ಬಾಮ್ಮ, ಆಯ್ತು" ಎಂದು ಕರೆದ.

ಅವಳು ಬಂದು ಸ್ಪೀಕರಿನ ಪಕ್ಕದ ಕುರ್ಚಿಯಲ್ಲಿ ಕೂತಳು. ಮೊದಲ ಹಾಡು ಶುರುವಾಗುತ್ತಿದ್ದಂತೆ ಅವಳ ಭುಜ ಇಳಿಯಿತು. ಎರಡನೆಯದಕ್ಕೆ, "ಈ ಕಾರ್ಯಕ್ರಮದ ದಿನ ಅವರಿಗೆ ಜ್ವರ. ಕಂಬಳಿ ಸುತ್ಕೊಂಡೇ ಬಂದಿದ್ರಲ್ಲ" ಎಂದಳು. ಹಾಡುಗಾರನಿಗೆ ಜ್ವರದ ವಿಷಯ ಗೊತ್ತಿರಲಿಲ್ಲ. ಆದರೂ ತಲೆಯಾಡಿಸಿದ.

ಮೂರನೆಯದು ಅರ್ಧಕ್ಕೆ ಬರುವ ಮೊದಲೇ ಅವಳು ಮುಚ್ಚಿದ್ದ ಕಣ್ಣು ತೆರೆದಳು.

"ಭಾವ, ಇದು ಅವರಲ್ಲ."

"ಹೆಸರು ಇದೆಯಲ್ಲಮ್ಮ."

"ಹೆಸರಿರಬಹುದು. ಕೈ ಬೇರೆಯವರದು. ಅವರು ಮೇಲಿನ ಸ್ವರಕ್ಕೆ ಹೋಗೋ ಮುಂಚೆ ಒಂದು ಗಳಿಗೆ ನಿಲ್ತಿದ್ರು, ಬಾಗಿಲಲ್ಲಿ ಚಪ್ಪಲಿ ಬಿಡೋ ಹಾಗೆ. ಇವರು ಚಪ್ಪಲಿ ಹಾಕ್ಕೊಂಡೇ ಒಳಗೆ ನುಗ್ತಾರೆ." ಮತ್ತೆ ಕಿವಿಗೊಟ್ಟಳು. "ಇದು ಆ ಹೊಸ ಸಭಾಂಗಣ ಶುರುವಾದ ದಿನದ್ದಲ್ವಾ?"

ಹೌದು. ತಮ್ಮನ ಬೆರಳುಗಳು ಆ ವರ್ಷ ಬಿಗಿದುಕೊಳ್ಳತೊಡಗಿದ್ದವು. ದೊಡ್ಡ ಸಭೆ, ದೊಡ್ಡ ಜನ. ಹಾಡುಗಾರ ಪಿಟೀಲಿಗೆ ಬೇರೊಬ್ಬನನ್ನು ಕರೆಸಿಕೊಂಡು, ತಮ್ಮನಿಗೆ ಆಮೇಲೆ ಹೇಳಿದರಾಯಿತು ಅಂದುಕೊಂಡಿದ್ದ. ಆ 'ಆಮೇಲೆ' ಬರಲೇ ಇಲ್ಲ.

"ಅವತ್ತು ಇಸ್ತ್ರಿ ಅಂಗಿ ಹಾಕ್ಕೊಂಡು, ಪಿಟೀಲಿನ ಪೆಟ್ಟಿಗೆ ತೊಡೆ ಮೇಲಿಟ್ಕೊಂಡು ಮೆಟ್ಟಿಲ ಮೇಲೆ ಕೂತಿದ್ರು" ಎಂದಳು. ಅವಳ ದನಿಯಲ್ಲಿ ದೂರಿರಲಿಲ್ಲ. "ಅಣ್ಣ ಕಾರು ಕಳಿಸ್ತಾನೆ ಅಂತ. ಏಳು ಗಂಟೆ ಆಯ್ತು. ಒಳಗೆ ಬಂದು, ಕಾರ್ಯಕ್ರಮ ಮುಂದಕ್ಕೆ ಹೋಗಿರಬೇಕು ಬಿಡು, ಊಟ ಬಡಿಸು ಅಂದ್ರು. ನಾನೂ ಬಡಿಸಿದೆ."

ಸ್ಪೀಕರಿನಲ್ಲಿ ಅವನದೇ ಗಂಟಲು ದೇವರನ್ನು ಕರೆಯುತ್ತಿತ್ತು. ಹಾಡುಗಾರ ಕೈ ಚಾಚಿ ಅದನ್ನು ನಿಲ್ಲಿಸಿದ.

"ಎಲ್ಲದಕ್ಕೂ ಅವನ ಹೆಸರು ನಾನೇ ಹಾಕಿದೆ ಕಣಮ್ಮ. ಈಗ, ನೀನು ಚಹಾ ಕುಡೀತಿದ್ದಾಗ. ಅಲ್ಲಿವರೆಗೆ ಒಂದರಲ್ಲೂ ಇರಲಿಲ್ಲ."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಅವರು ನುಡಿಸದೆ ಇರೋ ಹಾಡುಗಳಿಂದ ಅವರ ಹೆಸರು ತೆಗೆದುಬಿಡಿ ಭಾವ. ಇನ್ನೊಬ್ಬರ ಕೆಲಸ ತನ್ನ ಹೆಸರಲ್ಲಿ ಇರೋದು ಅವರಿಗೆ ಹಿಡಿಸ್ತಿರಲಿಲ್ಲ. ಈ ಪಿಟೀಲಿನವರ ಹೆಸರೇನು? ಅದನ್ನೇ ಬರೀರಿ, ಪಾಪ."

ಆ ಮನುಷ್ಯನ ಹೆಸರಿರಲಿ, ಮುಖವೂ ಹಾಡುಗಾರನಿಗೆ ನೆನಪಾಗಲಿಲ್ಲ.

ಅವನು ಎಲ್ಲ ಹಾಡುಗಳಿಂದಲೂ ತಮ್ಮನ ಹೆಸರನ್ನು ಅಳಿಸಿದ. ಮೇಜನ್ನು ಅವಳ ಕುರ್ಚಿಯ ಹತ್ತಿರಕ್ಕೆ ಎಳೆದು, "ನೀನು ಹೇಳ್ತಾ ಹೋಗು, ನಾನು ಬರೀತೀನಿ" ಎಂದು, ತೀರ ಹಳೆಯ ಕ್ಯಾಸೆಟ್ಟಿನ ಹಾಡೊಂದನ್ನು ಹಚ್ಚಿದ.

"ಹೂಂ. ಅವರೇ."

ಒಂದೊಂದೇ ಅಕ್ಷರ ಒತ್ತಿ ಹೆಸರು ಬರೆದು, ಮುಂದಿನದಕ್ಕೆ ಬೆರಳು ಎತ್ತಿದ.

"ಇರಿ, ಮುಗೀಲಿ" ಎಂದಳು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಹಾಡು ಕೊನೆಯ ಸಾಲಿಗೆ ಬಂತು. ತನ್ನ ದನಿ ನಿಂತಲ್ಲಿಗೆ ಎಲ್ಲ ಮುಗಿಯಿತೆಂದೇ ಅವನು ಇಷ್ಟು ವರ್ಷ ಎದ್ದು ಕೈಮುಗಿಯುತ್ತಿದ್ದದ್ದು. ಪಿಟೀಲು ಇನ್ನೂ ನಿಂತಿರಲಿಲ್ಲ. ಅದು ಒಂದು ಉಸಿರಿನಷ್ಟು ದೂರ ಒಂಟಿಯಾಗಿ ನಡೆದುಹೋಗಿ, ಚಪ್ಪಾಳೆಯ ಅಡಿಯಲ್ಲಿ ಎಲ್ಲೋ ಮೆಲ್ಲಗೆ ಕೂತುಕೊಂಡಿತು.