ಅರ್ಧ ಇಳಿದ ಊರು

"ಫೋನು ಎಷ್ಟೊತ್ತು ಬೇಕ್ರಿ ನಿಮಗ?" ಹೆಡ್‌ಮಾಸ್ತರ ಜಯತೀರ್ಥರು ರಿಸೀವರಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದರು.

"ಒಂದ್ ತಾಸು ಸಾಕ್ರಿ ಸರ," ಎಂದಳು ಸಮಾಜದ ಟೀಚರ್ ಲುಂಬಿನಿ. "ಹನ್ನೊಂದರಿಂದ ಒಂದರ ತನಕ ಕರೆಂಟ್ ಅದ. ಈ ವಾರ ಬಿಟ್ರ ಮುಂದಿನ ವಾರದಿಂದ ನಸಿಕಿನ್ಯಾಗಷ್ಟ ಬರ್ತದ."

"ಶಿಕ್ಷಣ ಇಲಾಖೆ ಆಫೀಸಿನವರು ಯಾವುದೋ ಮಾಹಿತಿ ಕೇಳ್ಯಾರ. ಅವರ ಫೋನ್ ಬಂದ್ರ?"

"ಒಂದ್ ತಾಸು ಆದಮ್ಯಾಗ ಬರಲಿ ಸರ. ನಾಲ್ಕು ತಿಂಗಳಿಂದ ಕೇಳಾಕತ್ತೀನಿ."

ಅವರು ಕೈ ತೆಗೆದರು. ಅಷ್ಟೇ. ಲುಂಬಿನಿ ಅದನ್ನೇ ಒಪ್ಪಿಗೆ ಎಂದುಕೊಂಡು, ಫೋನಿನ ಪೆಟ್ಟಿಗೆಗೆ ಇನ್ನೊಂದು ವೈರು ಸಿಕ್ಕಿಸಿ, ಪಡಸಾಲೆಯುದ್ದಕ್ಕೂ ಕಂಪ್ಯೂಟರ್ ಕೋಣೆಯ ತನಕ ಎಳೆದುಕೊಂಡು ಹೋದಳು.

ಅದು ಎರಡು ಸಾವಿರದ ಆರನೇ ಇಸವಿಯ ಫೆಬ್ರುವರಿ. ಗುಲ್ಬರ್ಗ ಜಿಲ್ಲೆಯ ರಾವೂರಿನ ಆಚೆ, ಹಾಸುಗಲ್ಲಿನ ಖಣಿಗಳ ನಡುವೆ ಇರುವ ಹಳ್ಳಿಯ ಹೈಸ್ಕೂಲು. ಐದು ಕಂಪ್ಯೂಟರು ಬಂದು ಒಂದೂವರೆ ವರ್ಷವಾಗಿತ್ತು. ಕಲ್ಲಿನ ಧೂಳು ಕೂರಬಾರದೆಂದು ಹೆಡ್‌ಮಾಸ್ತರರ ಹೆಂಡತಿ ಲಕ್ಷ್ಮೀಬಾಯಿ ತಮ್ಮ ಹಳೆಯ ಸೀರೆ ಹರಿದು ಐದಕ್ಕೂ ಮುಸುಕು ಹೊಲಿದುಕೊಟ್ಟಿದ್ದರು. ದಸರೆಯಲ್ಲಿ ಹಚ್ಚಿದ ಕುಂಕುಮ ಗಾಜಿನ ಮೂಲೆಯಲ್ಲಿ ಇನ್ನೂ ಇತ್ತು. ಇದೇ ಸ್ಕೂಲಿಗೆ ಮೂವತ್ತು ವರ್ಷದ ಹಿಂದೆ ಒಂದು ರೇಡಿಯೋ ಬಂದಿತ್ತು, ಮಕ್ಕಳಿಗೆ ಪಾಠ ಕೇಳಿಸಲಿಕ್ಕೆ. ಅದು ಬೀರುವಿನೊಳಗೆ ಇದ್ದು ಇದ್ದು, ಕೊನೆಗೆ ಇಲಿ ಮರಿ ಹಾಕಿದ ಮೇಲೆಯೇ ಹೊರಗೆ ಬಂತು. ಊರಿನ ಹಳಬರಿಗೆ ಅದು ನೆನಪಿದೆ.

ಜಯತೀರ್ಥರು ಕೆಟ್ಟವರಲ್ಲ. "ಬ್ಯಾಡ ಅನ್ನಂಗಿಲ್ರಿ ಟೀಚರ್," ಎನ್ನುತ್ತಿದ್ದರು, "ಆದ್ರ ರಿಜಿಸ್ಟರದಾಗ ನನ್ನ ಸಹಿ ಅದ. ಒಂದು ಕೆಟ್ರ ಉತ್ತರ ಹೇಳಾಂವ ನಾನು. ಎಂಟು ತಿಂಗಳಿಗೆ ರಿಟೈರ್ ಆಗಾಂವ." ಒಂದು ಸಲ ಕಂಪ್ಯೂಟರ್ ಕೋಣೆಯ ಚಾವಿ ಅವರ ಜೊತೆ ಸೇಡಂಗೆ ಹೋಗಿರುತ್ತಿತ್ತು. ಒಂದು ಸಲ ಫೋನಿನ ಲೈನು ಸತ್ತಿರುತ್ತಿತ್ತು. ಎರಡೂ ಇದ್ದ ದಿನ ಕರೆಂಟು ಇರುತ್ತಿರಲಿಲ್ಲ.

ಲುಂಬಿನಿಗೆ ಇದೆಲ್ಲ ಬೇಕಾಗಿದ್ದುದು ಲಾಲಮ್ಮನಿಗಾಗಿ. ಹೋದ ವರ್ಷ ಹತ್ತನೆಯದರಲ್ಲಿ ಆ ಹುಡುಗಿ ಸಮಾಜ ಒಂದರಲ್ಲೇ, ನಾಲ್ಕು ಅಂಕಕ್ಕೆ ನಪಾಸಾಗಿದ್ದಳು. ನಕಾಶೆಯ ಪ್ರಶ್ನೆಯನ್ನು ಮುಟ್ಟಿಯೇ ಇರಲಿಲ್ಲ. ಈ ವರ್ಷ ಕೊನೆಯ ಸಾಲಿನಲ್ಲಿ ಬಂದು ಕೂರುತ್ತಿದ್ದಳು. ಪರೀಕ್ಷೆಗೆ ಐದು ವಾರ ಇತ್ತು. ಅವಳ ಅಪ್ಪ ದೇವಿಂದ್ರಪ್ಪ ಖಣಿಯಲ್ಲಿ ಕಲ್ಲು ಎಬ್ಬಿಸುವವನು. ಸ್ಕೂಲಿನ ಗೇಟಿನ ತನಕ ಬಂದು ಹೇಳಿಹೋಗಿದ್ದ: "ಇದೊಂದು ಸಲ ನೋಡೋದ್ರಿ ಟೀಚರ್. ಆಗಲಿಲ್ಲಂದ್ರ ಕಲ್ಲು ಪಾಲಿಶ್ ಮಾಡೋ ಮಷೀನಿಗಿ ಹಚ್ತೀನಿ. ಸುಮ್ನ ಕುಂದ್ರಿಸಿ ಏನ್ ಮಾಡ್ಲಿ?"

ಸ್ಕೂಲಿನಲ್ಲಿ ಗೋಡೆಯ ನಕಾಶೆ ಒಂದೇ ಇತ್ತು. ಮಡಚಿ ಮಡಚಿ ಸರಿಯಾಗಿ ಗುಲ್ಬರ್ಗದ ಮೇಲೆಯೇ ಹರಿದಿತ್ತು. ಅದನ್ನು ತೂಗುಹಾಕಿ ಎಷ್ಟು ಹೇಳಿದರೂ ಲಾಲಮ್ಮನದು ಒಂದೇ ಪ್ರಶ್ನೆ: "ಚಂಬಲ್ ನದಿ ಕೆಳಗಿಂದ ಮ್ಯಾಲಕ್ಕ ಹೊಂಟದಲ್ರಿ ಟೀಚರ್. ನೀರು ಗ್ವಾಡಿ ಹೆಂಗ ಹತ್ತತದ?" ಕ್ಲಾಸು ನಗುತ್ತಿತ್ತು. ನಕ್ಕವರಲ್ಲಿಯೂ ಅರ್ಧ ಜನಕ್ಕೆ ಉತ್ತರ ಗೊತ್ತಿರಲಿಲ್ಲ ಎಂಬುದು ಲುಂಬಿನಿಗೆ ಗೊತ್ತಿತ್ತು. ನಕಾಶೆ ಎಂದರೆ ಮೇಲಿನಿಂದ ನೋಡಿದ ನೆಲ ಎಂದು ಬಾಯಲ್ಲಿ ಹೇಳಿದರೆ ತಲೆಗೆ ಇಳಿಯುವ ಮಾತಲ್ಲ. ವಾಡಿಯ ಅಬ್ದುಲ್ ಸಲಾಂನ ಇಂಟರ್ನೆಟ್ ಅಂಗಡಿಯಲ್ಲಿ ಒಂದು ಭಾನುವಾರ ಅವಳು ಆಕಾಶದಿಂದ ತೆಗೆದ ಇದೇ ಊರಿನ ಚಿತ್ರ ನೋಡಿದ್ದಳು. ಅದನ್ನು ಲಾಲಮ್ಮ ಒಂದು ಸಲ ನೋಡಿದರೆ ಸಾಕು ಎನ್ನಿಸಿತ್ತು. ಕಾಗದದ ಮೇಲೆ ತೆಗೆಸಿದರೆ ಬರೀ ಕಪ್ಪು ಮಸಿ ಬಂತು. ಸಲಾಂ ಯಾವುದರ ನಂತರ ಯಾವುದನ್ನು ಒತ್ತಬೇಕೆಂದು ಚೀಟಿ ಬರೆದುಕೊಟ್ಟಿದ್ದ.

ಜವಾನ ಮಾಣಿಕಪ್ಪ ಬೀಗ ತೆಗೆದ. ನಲವತ್ತು ಮಕ್ಕಳು ಒತ್ತಿಕೊಂಡು ನೆಲದ ಮೇಲೆ ಕುಳಿತರು. ಫೋನಿನ ಲೈನಿನಿಂದ ಇಂಟರ್ನೆಟ್ ಜೋಡಿಸುವ ಡಬ್ಬಿ ಕೀಂಯ್ ಎಂದು ಒದರತೊಡಗಿತು.

"ಹಂದಿ ಮರಿ ಸಿಕ್ಕೊಂಡಾದ ನೋಡ್ರಿ ಒಳಗ," ಎಂದ ಮಾಣಿಕಪ್ಪ ಬಾಗಿಲಲ್ಲಿ ನಿಂತು. ಮಕ್ಕಳು ನಕ್ಕರು.

"ಮಾಣಿಕಪ್ಪಣ್ಣ, ಸುಮ್ನ ನಿಂದ್ರಿ."

ಚಿತ್ರ ಮೇಲಿನಿಂದ ಇಳಿಯತೊಡಗಿತು. ಒಂದು ಬೆರಳಗಲದ ಪಟ್ಟಿ ಬರುವುದು, ನಿಲ್ಲುವುದು. ಇನ್ನೊಂದು ಪಟ್ಟಿ. ಮೊದಲು ಕಂದು ಹೊಲ. ಆಮೇಲೆ ದಾರದಂಥ ರೈಲು ಹಳಿ. ಹತ್ತು ನಿಮಿಷ, ಹದಿನೈದು ನಿಮಿಷ. ಹಿಂದಿನ ಸಾಲಿನಲ್ಲಿ ಗಿಲ್ಲುವುದು, ಕೂದಲು ಎಳೆಯುವುದು ಶುರುವಾಯಿತು. ಆಮೇಲೆ ಬೆಳ್ಳನೆಯ ಚೌಕಗಳು ಇಳಿದವು, ಒಂದರ ಪಕ್ಕ ಒಂದು.

"ಇದು ಯಾವೂರ್ರಿ?"

"ನಮ್ಮೂರೇ."

"ಸುಳ್ಳ್ರಿ ಟೀಚರ್. ನಮ್ಮೂರು ಇಷ್ಟ್ ಬೆಳ್ಳಗ ಎಲ್ಲಿ ಅದ?"

ಲಾಲಮ್ಮ ಎದ್ದು ನಿಂತಿದ್ದಳು. ಇಬ್ಬರ ತಲೆ ದಾಟಿ ಮುಂದೆ ಬಂದಳು. ಹಸಿರು ನೀರು ನಿಂತ ಒಂದು ಚೌಕದ ಮೇಲೆ ಬೆರಳು ಇಡಲು ಹೋಗಿ, ಗಾಜಿಗೆ ಮುಟ್ಟಿಸದೆ ನಿಲ್ಲಿಸಿದಳು.

"ಇದು ಬಂದ್ ಬಿದ್ದ ಖಣಿ. ಎಮ್ಮಿ ಮೈ ತೊಳಿಯಾಕ ಹೋಗ್ತೀವಲ್ಲ, ಅದು. ಇದರ ಬಾಜೂಕಿಂದು ನಮ್ಮಪ್ಪ ಮಾಡೋ ಖಣಿ." ಅವಳು ಲುಂಬಿನಿಯ ಕಡೆ ತಿರುಗಿದಳು. "ಟೀಚರ್, ಬುತ್ತಿ ಕೊಡಾಕ ಹೋದಾಗ ಖಣಿ ದಂಡಿಗಿ ನಿಂತು ಕೆಳಗ ನೋಡ್ತೀನಲ್ರಿ, ಆಗ ನಮ್ಮಪ್ಪ ಕಾಣಂಗಿಲ್ಲ, ತಲೀಗಿ ಸುತ್ತಿದ ಟಾವೆಲ್ ಅಷ್ಟ ಕಾಣ್ತದ. ಹಂಗ ನೋಡ್ಯಾರೇನ್ರಿ ಇದನ್ನ?"

"ಹಂಗೇ," ಎಂದಳು ಲುಂಬಿನಿ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳಿಗೆ ಕುರ್ಚಿಗೆ ಒರಗಬೇಕೆನ್ನಿಸಿತು.

"ಮತ್ತ ನಕಾಶದಾಗ ಮ್ಯಾಲ, ಕೆಳಗ ಅನ್ನೋದೇ ಇಲ್ಲ. ಎಲ್ಲಾ ನೆಲಾನೇ."

"ನೆಲಾನೇ. ತಡಿ, ಇನ್ನ ಓಣಿ ಬರ್ತಾವ, ಸ್ಕೂಲ್ ಬರ್ತದ. ನಿಮ್ಮ ಮನಿ ನೀನೇ ಹುಡುಕು."

ಮುಂದಿನ ಪಟ್ಟಿ ಬರಲಿಲ್ಲ.

ಪಡಸಾಲೆಯ ಆ ತುದಿಯಿಂದ ಹೆಡ್‌ಮಾಸ್ತರರ ದನಿ ಕೇಳಿತು. ಫೋನಿನಲ್ಲಿ ಮಾತಾಡುವಾಗ ಅವರದು ದೊಡ್ಡ ದನಿ. "ಹಲೋ, ಹೌದ್ರಿ. ಕಂಪ್ಯೂಟರ್ ಮಾಹಿತಿ ಕೇಳಿದ್ರೆಲ್ಲ, ಬರ್ಕೋರಿ. ಐದೂ ಚಾಲೂ ಅವ. ವಾರಕ್ಕ ಆರು ತಾಸು. ಹೂಂ, ಆರು. ಎಲ್ಲಾ ಮಕ್ಕಳಿಗಿ."

ಲುಂಬಿನಿ ಬರಿಗಾಲಲ್ಲೇ ಓಡಿದಳು. ಅವರು ಬಾಯಿಗೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದರು. ಮಾತು ಮುಗಿಸಿ ಫೋನ್ ಇಟ್ಟರು.

"ಸರ, ಲೈನ್ ಕಟ್ ಆಯ್ತು."

"ಎರಡು ನಿಮಿಷದ ಕೆಲಸ ಇತ್ರಿ. ಹನ್ನೆರಡೂವರಿ ಒಳಗ ಹೇಳಬೇಕಿತ್ತು. ಈಗ ಖಾಲಿ ಅದ, ಹಚ್ಕೋರಿ ಮತ್ತ."

"ಆರು ತಾಸು ಅಂದ್ರೆಲ್ಲ ಸರ."

"ಮತ್ತೇನನ್ಲಿ? ಸೊನ್ನಿ ಅಂದ್ರ ಬಂದು ಎತ್ಕೊಂಡು ಹೋಗ್ತಾರ. ನಿಮಗೂ ಇಲ್ಲ, ನನಗೂ ಇಲ್ಲ."

ಮಾತಾಡುತ್ತ ನಿಂತರೆ ಇರುವ ಅರ್ಧ ತಾಸೂ ಹೋಗುತ್ತದೆ ಎಂದು ಲುಂಬಿನಿ ತಿರುಗಿದಳು. ಮತ್ತೆ ಜೋಡಿಸಿದಳು. ಲೈನು ಸಿಗಲಿಲ್ಲ. ಇನ್ನೊಂದು ಸಲ. ಸಿಗಲಿಲ್ಲ. ಸಲಾಂನ ಚೀಟಿ ಮೊದಲಿನಿಂದ ಕೊನೆಯವರೆಗೆ ಓದಿದಳು. ಗಾಜಿನ ಮೇಲೆ ಅರ್ಧ ಊರು ಇತ್ತು. ಖಣಿಗಳಿಂದ ಕೆಳಗೆ ಬರೀ ಬೂದಿ ಬಣ್ಣ. ನಾಲ್ಕನೆಯ ಸಲಕ್ಕೆ ಡಬ್ಬಿ ಕೀಂಯ್ ಎನ್ನುವುದಕ್ಕೂ ಫ್ಯಾನು ನಿಲ್ಲುವುದಕ್ಕೂ ಸರಿಹೋಯಿತು. ಒಂದು ಗಂಟೆಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಬ್ಯಾಟರಿ ಹೆಸರಿಗೆ ಒಂದಿತ್ತು, ಅದು ಎರಡು ಸಲ ಕೂಗಿ ಸುಮ್ಮನಾಯಿತು. ಗಾಜು ಕಪ್ಪಾಗಿ, ಅದರೊಳಗೆ ಅವಳ ಮುಖವೇ ಕಂಡಿತು.

"ಹೊರಗ ನಡೀರಿ," ಎಂದಳು. ಅವಳು ಸೀರೆಯ ಮುಸುಕನ್ನು ಕಂಪ್ಯೂಟರಿಗೆ ಹೊದಿಸಿದಳು. ಒಂದು ತುದಿ ಕೂರಲಿಲ್ಲ. ಎಳೆದಳು, ಮತ್ತೆ ಎಳೆದಳು, ಹೊಲಿಗೆ ಬಿಚ್ಚಿತು. ಹಾಗೆಯೇ ಬಿಟ್ಟು ಹೊರಗೆ ಬಂದಳು.

ಪಡಸಾಲೆಯಲ್ಲಿ ಮಕ್ಕಳು ಗುಂಪಾಗಿ ನಿಂತಿದ್ದರು. ನಡುವೆ ಲಾಲಮ್ಮ ಕುಕ್ಕರಗಾಲಲ್ಲಿ ಕುಳಿತು, ಅಂಗಳದಿಂದ ತಂದ ಒಂದು ಬಿಳಿ ಕಲ್ಲಿನ ಚೂರಿನಿಂದ ನೆಲದ ಫರಸಿಕಲ್ಲಿನ ಮೇಲೆ ಗೀರುತ್ತಿದ್ದಳು. ರೈಲು ಹಳಿ ಆಗಿತ್ತು. ಎರಡು ಖಣಿ ಆಗಿದ್ದವು. ಈಗ ಗಾಜಿನ ಮೇಲೆ ಯಾರೂ ನೋಡದೆ ಉಳಿದ ಭಾಗಕ್ಕೆ ಬಂದಿದ್ದಳು.

"ಮಸೂತಿ ಅಲ್ಲಿ ಅಲ್ಲ, ಬಾವಿ ದಾಟಿದ ಮ್ಯಾಲ," ಎಂದ ಒಬ್ಬ.

"ಏ ಲಾಲಿ, ನಮ್ಮ ಮನಿ ಯಾಕ ಬಿಟ್ಟಿ?"

"ನಿಮ್ಮನಿ ಕಾಣಂಗಿಲ್ಲ. ಬೇವಿನ ಗಿಡ ಮುಚ್ಯಾದ."

"ಮುಚ್ಚಿದ್ರೇನು, ಮನಿ ಎಲ್ಲಿ ಹೋಗ್ತದ?"

"ಮ್ಯಾಲಿಂದ ನೋಡಾಕತ್ತೀನಿ ನಾ. ಗಿಡಾನೇ ಕಾಣ್ತದ. ಕಡಿ, ಆಮ್ಯಾಲ ಬರೀತೀನಿ."

ಲುಂಬಿನಿ ಕಂಬಕ್ಕೆ ಒರಗಿ ನಿಂತಳು. ಸಿಟ್ಟು ಇಳಿದಿರಲಿಲ್ಲ. ಲಾಲಮ್ಮ ತಲೆಯೆತ್ತಿ, "ಉತ್ತರ ಯಾವ ಕಡಿ ಬರೀಲ್ರಿ ಟೀಚರ್?" ಎಂದಳು. ಲುಂಬಿನಿ ಬಾಯಿ ತೆರೆಯುವುದರೊಳಗೆ ಹುಡುಗಿ ಎದ್ದು ನಿಂತು, ಹೊತ್ತು ಹುಟ್ಟುವ ಕಡೆಗೆ ಬಲಗೈ ಚಾಚಿ, ಮುಖ ಯಾವ ಕಡೆಗಿದೆ ನೋಡಿಕೊಂಡು, ಅತ್ತ ಒಂದು ಬಾಣ ಬರೆದಳು.

ಹೆಡ್‌ಮಾಸ್ತರರು ರಿಜಿಸ್ಟರು ಹಿಡಿದುಕೊಂಡು ಬಂದರು. "ಕರೆಂಟ್ ಹೋಯ್ತಲ್ಲ, ಬೀಗ ಹಾಕಿಬಿಡಾಣು. ಟೀಚರ್, ಎರಡು ತಾಸು ಅಂತ ಬರೆದು ಸಹಿ ಮಾಡ್ರಿ." ಮಾತಾಡುತ್ತಲೇ ಅವರು ಓಣಿ, ಬಾವಿ, ಖಣಿ ಎಲ್ಲದರ ಮೇಲೆ ನಡೆದು ಆಚೆ ಹೋದರು. ಅವರ ಚಪ್ಪಲಿಗೆ ಬಿಳಿ ಹಿಟ್ಟು ಹತ್ತಿತು.

ಹಿಂದೆ ಮಾಣಿಕಪ್ಪ ಚಾವಿಯ ಗೊಂಚಲು ಹಿಡಿದು ಬರುತ್ತಿದ್ದ. ಖಣಿಯ ಗೀರಿನ ತನಕ ಬಂದು ಅವನ ಕಾಲು ನಿಂತಿತು. ಒಂದು ಗಳಿಗೆ ಕೆಳಗೆ ನೋಡಿದ. ಆಮೇಲೆ ಎಡಕ್ಕೆ ತಿರುಗಿ, ದಂಡೆ ಹಿಡಿದು, ಮಸೂತಿಯ ಮುಂದಿನ ಓಣಿಯಲ್ಲಿ ಹಾಯ್ದು, ಸುತ್ತು ಹಾಕಿಕೊಂಡು ನಡೆದ.